ಸೇನೆಯ ಶಿಸ್ತು, ಉದ್ಯಮದ ನಾಯಕತ್ವ

ನಮ್ಮ ಮಹಾಸಭೆಗಳಲ್ಲಿ ಪ್ರತಿ ವರ್ಷವೂ ತಪ್ಪದೆ ಕೇಳಿಬರುವ ಮಾತು ‘ಶಿಸ್ತು’. ಕೆಲಸಗಾರರಲ್ಲಿ ಶಿಸ್ತಿಲ್ಲ, ಸದಸ್ಯರಲ್ಲಿ ಶಿಸ್ತಿಲ್ಲ, ಸಾಲ ಮರುಪಾವತಿಯಲ್ಲಿ ಶಿಸ್ತಿಲ್ಲ ಎಂದು ಆರಂಭಿಸಿದ ಭಾಷಣ ‘ಇದಕ್ಕೆಲ್ಲ ಮಿಲಿಟರಿ ಆಡಳಿತವೇ ಸರಿ’ ಎಂದು ಮುಗಿಯುವುದು ವಾಡಿಕೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮರುದಿನ ಎಲ್ಲವೂ ಹಿಂದಿನಂತೆಯೇ ನಡೆಯುತ್ತದೆ.

ಸೇನೆಯಲ್ಲಿ ಪಳಗಿದವರು ಉದ್ಯಮದಲ್ಲಿ ಯಶಸ್ಸು ಗಳಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಅವರು ಸೇನೆಯಿಂದ ತಂದದ್ದು ಏನು ಎಂಬುದನ್ನು ವಿಚಾರಿಸಿ ನೋಡುವವರು ಕಡಿಮೆ. ಗಟ್ಟಿ ಧ್ವನಿಯನ್ನು ತಂದರೇ, ಗದರಿಸುವ ಅಧಿಕಾರವನ್ನು ತಂದರೇ, ಅಥವಾ ಬೇರೇನನ್ನಾದರೂ ತಂದರೇ? ಈ ಪ್ರಶ್ನೆ ನಮಗೆ ಇಂದು ಅಗತ್ಯವಾದದ್ದು. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದಷ್ಟು ಕಾಲ ಬೆಳೆಗಾರನು ಬೆಳೆದು, ಒಣಗಿಸಿ, ಪೂಲಿಗೆ ಒಪ್ಪಿಸಿದರೆ ಅವನ ಕೆಲಸ ಮುಗಿಯುತ್ತಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಹತ್ತು ಎಕರೆಯ ಬೆಳೆಗಾರನೂ ವ್ಯಾಪಾರಿಯಾಗಬೇಕಾಯಿತು. ಯಾವಾಗ ಮಾರಬೇಕು, ಎಷ್ಟು ದಾಸ್ತಾನು ಇಡಬೇಕು, ಇರುವ ನಾಲ್ಕು ಆಳುಗಳನ್ನು ಯಾವ ಕೆಲಸಕ್ಕೆ ಹಚ್ಚಬೇಕು ಎಂಬ ತೀರ್ಮಾನಗಳು ಈಗ ಅವನ ತಲೆಯ ಮೇಲಿವೆ. ಅಡಿಕೆ ಬೆಳೆಗಾರನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಆದ್ದರಿಂದ ನಾಯಕತ್ವದ ಪಾಠ ದೊಡ್ಡ ಕಂಪನಿಗಳಿಗೆ ಮಾತ್ರ ಬೇಕಾದದ್ದಲ್ಲ.

1. ಶಿಸ್ತು ಎಂದರೇನು?

ನಮ್ಮ ಸೀಮೆಗೆ ಸೇನೆ ಅಪರಿಚಿತವಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು ಕೊಡಗಿನವರು. ಕಾಫಿ ಸೀಮೆಯ ಊರೂರುಗಳಲ್ಲಿ ಮಾಜಿ ಸೈನಿಕರಿದ್ದಾರೆ. ನಮ್ಮ ತೋಟಗಳಲ್ಲಿ ದಿನಬೆಳಗಾದರೆ ನುಡಿಯುವ ‘ಮಸ್ಟರ್’ ಎಂಬ ಮಾತೂ ಸೇನೆಯದೇ. ಹಾಜರಾದ ಸೈನಿಕರನ್ನು ಎಣಿಸಿ ಬರೆದುಕೊಳ್ಳುವುದೇ ಮಸ್ಟರ್.

ಎಣಿಸುವುದು, ಬರೆಯುವುದು, ಮೊದಲೇ ಸಿದ್ಧವಾಗಿರುವುದು: ಸೇನೆಯ ಶಿಸ್ತಿನ ತಳಪಾಯ ಇದೇ. ಹೊರಗಿನವರಿಗೆ ಕಾಣುವುದು ಕವಾಯತು ಮತ್ತು ಸೆಲ್ಯೂಟ್. ಒಳಗಿರುವುದು ಅಭ್ಯಾಸ. ಗುಂಡು ಹಾರುವಾಗ ಯಾರಿಗೂ ಯೋಚಿಸಲು ಪುರಸತ್ತು ಇರುವುದಿಲ್ಲ. ಆದ್ದರಿಂದ ಯೋಚನೆಯನ್ನು ಮೊದಲೇ ಮಾಡಿ, ಅದನ್ನು ಕೈಕಾಲುಗಳ ರೂಢಿಯಾಗಿ ಮಾಡಿಡುತ್ತಾರೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ನಮ್ಮವರು ಹಾಸ್ಯ ಮಾಡಿದ್ದು ಇದಿಲ್ಲದವರನ್ನೇ. ಈ ಅರ್ಥದಲ್ಲಿ ಶಿಸ್ತು ಎಂದರೆ ಮೇಲಿನವನು ಕೆಳಗಿನವನ ಮೇಲೆ ಹೇರುವ ಹೊರೆಯಲ್ಲ, ಮೇಲಿನವನು ಮೊದಲು ತನಗೆ ತಾನೇ ಹಾಕಿಕೊಳ್ಳುವ ಕಟ್ಟುಪಾಡು. ಮುಂದಿನ ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ.

2. ಉಗ್ರಾಣದಿಂದ ಬಂದ ಜನರಲ್

ಪನಾಮಾ ಕಾಲುವೆಯ ಹೆಸರನ್ನು ಎಲ್ಲರೂ ಕೇಳಿದ್ದೇವೆ. 1880ರ ದಶಕದಲ್ಲಿ ಅದನ್ನು ತೋಡಲು ಹೊರಟ ಫ್ರೆಂಚ್ ಕಂಪನಿ ಹಣವನ್ನೂ ಸಾವಿರಾರು ಪ್ರಾಣಗಳನ್ನೂ ಕಳೆದುಕೊಂಡು 1889ರಲ್ಲಿ ಕೈಚೆಲ್ಲಿತು. ಕೆಲಸಗಾರರನ್ನು ಕೊಂದದ್ದು ಮುಖ್ಯವಾಗಿ ಹಳದಿ ಜ್ವರ ಮತ್ತು ಮಲೇರಿಯಾ. 1904ರಲ್ಲಿ ಅಮೆರಿಕನ್ನರು ಕೆಲಸ ವಹಿಸಿಕೊಂಡಾಗ ಸೇನೆಯ ವೈದ್ಯ ವಿಲಿಯಂ ಗೋರ್ಗಸ್ ಸೊಳ್ಳೆಗಳ ಮೇಲೆ ದಂಡೆತ್ತಿ ಹೋದರು. ನಿಂತ ನೀರಿಗೆ ಎಣ್ಣೆ ಬಿಡಿಸಿ, ಮನೆಗಳಿಗೆ ಹೊಗೆ ಹಾಕಿಸಿ, ಕಿಟಕಿಗಳಿಗೆ ಜಾಲರಿ ಹೊಡೆಸಿ ಹಳದಿ ಜ್ವರವನ್ನು ಅಲ್ಲಿಂದ ಅಳಿಸಿದರು. ರೈಲ್ವೆ ಎಂಜಿನಿಯರ್ ಜಾನ್ ಸ್ಟೀವನ್ಸ್ ಎಂಬವರು ಅಗೆತವನ್ನು ತಡೆದಿಟ್ಟು ಮೊದಲು ವಸತಿ, ಊಟ, ರೈಲುಮಾರ್ಗಗಳನ್ನು ಸರಿಪಡಿಸಿದರು. 1907ರಿಂದ ಮುಖ್ಯಸ್ಥರಾದ ಸೇನಾ ಎಂಜಿನಿಯರ್ ಜಾರ್ಜ್ ಗೋಥಲ್ಸ್ 1914ರಲ್ಲಿ ಕಾಲುವೆಯನ್ನು ಪೂರೈಸಿದರು. ಕಾಲುವೆ ಸಾಗಿದ್ದು ಗುದ್ದಲಿಯಿಂದ ಮಾತ್ರವಲ್ಲ, ಸಿದ್ಧತೆಯಿಂದ.

ಈ ಮಹಾ ಕಾರ್ಯದಲ್ಲಿ ಉಗ್ರಾಣದ ಹೊಣೆ ಹೊತ್ತಿದ್ದ ತರುಣ ಅಧಿಕಾರಿ ರಾಬರ್ಟ್ ವುಡ್. ಸಿಮೆಂಟಿನಿಂದ ಹಿಡಿದು ಸಾವಿರಾರು ಜನರ ದಿನಬಳಕೆಯ ಪದಾರ್ಥಗಳವರೆಗೆ ಸಮುದ್ರದಾಚೆಯಿಂದ ತರಿಸಿ, ಎಣಿಸಿ, ಹಂಚುವುದು ಅವರ ಕೆಲಸ. ಒಂದು ದಿನ ಸಾಮಾನು ತಡವಾದರೆ ಇಡೀ ಕಾಲುವೆಯ ಕೆಲಸ ನಿಲ್ಲುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸರಬರಾಜು ಇಲಾಖೆಯ ಮುಖ್ಯಸ್ಥರಾಗಿ, ಬ್ರಿಗೇಡಿಯರ್ ಜನರಲ್ ಪದವಿಯಿಂದ ಅವರು ನಿವೃತ್ತರಾದರು.

ನಂತರ ಅವರು ಸೇರಿದ್ದು ರೈತಾಪಿ ಜನರಿಗೆ ಅಂಚೆಯ ಮೂಲಕ ಸಾಮಾನು ಮಾರುವ ವ್ಯಾಪಾರವನ್ನು. ಸರ್ಕಾರ ವರ್ಷವರ್ಷವೂ ಪ್ರಕಟಿಸುವ ಅಂಕಿಅಂಶಗಳ ಸಂಪುಟವನ್ನು ಓದುವ ಅಭ್ಯಾಸ ಅವರಿಗಿತ್ತು. ಜನ ಹಳ್ಳಿಯಿಂದ ಪಟ್ಟಣಕ್ಕೆ ಸರಿಯುತ್ತಿರುವುದನ್ನೂ, ಉಳಿದ ರೈತರೂ ಮೋಟಾರು ಕೊಂಡು ಪೇಟೆಗೆ ಹೋಗತೊಡಗಿರುವುದನ್ನೂ ಆ ಅಂಕಿಗಳಲ್ಲಿ ಕಂಡರು. ಅಂಚೆ ವ್ಯಾಪಾರವೊಂದೇ ಇನ್ನು ಸಾಲದು, ಅಂಗಡಿ ತೆರೆಯಬೇಕು ಎಂದರು. ಮೊದಲು ಸೇರಿದ ಮಾಂಟ್ಗೊಮೆರಿ ವಾರ್ಡ್ ಕಂಪನಿ ಈ ಮಾತನ್ನು ಒಪ್ಪಲಿಲ್ಲ. 1924ರಲ್ಲಿ ಸಿಯರ್ಸ್ ಕಂಪನಿಗೆ ಬಂದು, 1925ರಲ್ಲಿ ಮೊದಲ ಅಂಗಡಿ ತೆರೆದರು. 1929ರ ಹೊತ್ತಿಗೆ ಅಂಗಡಿಗಳು 300 ಮೀರಿದ್ದವು. 1931ರಲ್ಲಿ ಅಂಗಡಿಗಳ ಮಾರಾಟ ಅಂಚೆಯ ಮಾರಾಟವನ್ನು ದಾಟಿತು. 1928ರಿಂದ 1954ರವರೆಗೆ ಮೊದಲು ಅಧ್ಯಕ್ಷರಾಗಿ, ಬಳಿಕ ಮಂಡಳಿಯ ಮುಖ್ಯಸ್ಥರಾಗಿ ವುಡ್ ಆ ಸಂಸ್ಥೆಯನ್ನು ನಡೆಸಿದರು.

ಈ ಜನರಲ್ ಸೇನೆಯಿಂದ ತಂದದ್ದು ಎರಡೇ ಅಭ್ಯಾಸಗಳು. ದಾಸ್ತಾನನ್ನು ಎಣಿಸುವುದು ಒಂದು, ಮುಂದೆ ಏನು ಬೇಕಾದೀತು ಎಂದು ಅಂಕಿಗಳನ್ನು ನೋಡಿ ಹೇಳುವುದು ಇನ್ನೊಂದು. ಬಂದೂಕು ಹಿಡಿದವನಿಗಿಂತ ಬೀಗದಕೈ ಗೊಂಚಲು ಹಿಡಿದವನು ಉದ್ಯಮಕ್ಕೆ ಒಳ್ಳೆಯ ಗುರು ಎಂದರೆ ತಪ್ಪಾಗದು.

3. ಜಾವಗಲ್ಲಿನ ಕ್ಯಾಪ್ಟನ್

ಇನ್ನು ನಮ್ಮ ನೆಲದ ಉದಾಹರಣೆಗೆ ಬರೋಣ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಜಿ. ಆರ್. ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದರು. 1971ರ ಯುದ್ಧವನ್ನು ಕಂಡರು. ಕ್ಯಾಪ್ಟನ್ ಆಗಿದ್ದಾಗ, ಮೂವತ್ತು ತುಂಬುವ ಮೊದಲೇ, ಕೆಲಸ ಬಿಟ್ಟು ಊರಿಗೆ ಮರಳಿದರು. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಕುಟುಂಬದ ಜಮೀನಿಗೆ ಬದಲಾಗಿ ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ಬಂಜರು ಭೂಮಿ ಸಿಕ್ಕಿತ್ತು. ಅಲ್ಲಿ ಡೇರೆ ಹಾಕಿಕೊಂಡು ಬೇಸಾಯಕ್ಕೆ ನಿಂತರು. ತೆಂಗು, ಬಾಳೆ, ಕೊನೆಗೆ ರೇಷ್ಮೆ ಎಂದು ಒಂದೊಂದನ್ನೇ ಮಾಡಿ ಕಲಿತರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಯ ಕೆಲಸಕ್ಕಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಸೇನೆಯ ಗೆಳೆಯರೊಂದಿಗೆ ಸೇರಿ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರತೊಡಗಿತು. ರೈಲಿನಲ್ಲಿ ಓಡಾಡುತ್ತಿದ್ದ ಜನ ವಿಮಾನ ಹತ್ತಿದರು. ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ದೇಶದಲ್ಲೆಲ್ಲ ಹರಡಿತು. ಹುಬ್ಬಳ್ಳಿಯಂಥ ಊರುಗಳಿಗೂ ವಿಮಾನ ಬಂತು.

ಬಂಜರು ಭೂಮಿಯಲ್ಲಿ ಡೇರೆ ಹಾಕಿ ನಿಂತ ಧೈರ್ಯ, ಕೆಟ್ಟ ಬೆಳೆಯಿಂದ ಎದೆಗುಂದದೆ ಮತ್ತೊಂದಕ್ಕೆ ಕೈಹಾಕುವ ಛಲ, ತನ್ನ ಜನರನ್ನು ಒಟ್ಟಿಗೆ ಹಿಡಿದಿಡುವ ಶಕ್ತಿ, ಇವೆಲ್ಲ ಸೇನೆಯ ತರಬೇತಿ ಬಲಪಡಿಸುವ ಗುಣಗಳೇ ಸರಿ. ಆದರೆ ಕಥೆಯ ಉಳಿದ ಭಾಗವನ್ನೂ ಓದಬೇಕು. ನಾಲ್ಕೇ ವರ್ಷಗಳಲ್ಲಿ ಏರ್ ಡೆಕ್ಕನ್ ಅರವತ್ತಕ್ಕೂ ಹೆಚ್ಚು ಊರುಗಳಿಗೆ ಹಾರುತ್ತಿತ್ತು. ಅದೇ ವರ್ಷಗಳಲ್ಲಿ ಕಚ್ಚಾತೈಲದ ಬೆಲೆ ಏರುತ್ತಲೇ ಹೋಯಿತು, ಪ್ರತಿಸ್ಪರ್ಧಿಗಳು ಹೆಚ್ಚಿದರು, ನಷ್ಟ ಬೆಳೆಯಿತು. 2007ರಲ್ಲಿ ಕಂಪನಿಯ ದೊಡ್ಡ ಪಾಲು ವಿಜಯ್ ಮಲ್ಯ ಅವರ ಸಮೂಹಕ್ಕೆ ಹೋಯಿತು. 2008ರಲ್ಲಿ ಅದು ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. 2009ರಲ್ಲಿ ಗೋಪಿನಾಥ್ ಆರಂಭಿಸಿದ ಸರಕು ಸಾಗಣೆಯ ವಿಮಾನ ಕಂಪನಿ ಎರಡೇ ವರ್ಷ ನಡೆಯಿತು.

ಸೈನಿಕರಲ್ಲದವರೂ ವಿಮಾನದ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿರುವುದರಿಂದ ಎಲ್ಲ ಹೊಣೆಯನ್ನೂ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸೇನೆಯ ಭಾಷೆಯಲ್ಲೇ ಹೇಳುವುದಾದರೆ, ಮುಂಚೂಣಿಯ ದಳ ಓಡಿತು, ರಸದ ಬಂಡಿ ಹಿಂದೆ ಉಳಿಯಿತು. ದಂಡು ಎಷ್ಟೇ ಧೈರ್ಯದಿಂದ ಮುನ್ನುಗ್ಗಲಿ, ಅನ್ನ ಮತ್ತು ಮದ್ದುಗುಂಡಿನ ಬಂಡಿ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಮಾತ್ರ ಅದರ ಗೆಲುವು. ಕ್ಯಾಪ್ಟನ್ ಗೋಪಿನಾಥ್ ತೆರೆದ ದಾರಿಯಲ್ಲಿ ಇಂದು ಕೋಟ್ಯಂತರ ಜನ ಹಾರುತ್ತಿದ್ದಾರೆ ಎಂಬುದು ಅವರ ನಿಜವಾದ ಸಾಧನೆ. ಆ ದಾರಿಯಲ್ಲಿ ಅವರ ಕಂಪನಿ ಉಳಿಯಲಿಲ್ಲ ಎಂಬುದು ನಮಗೆ ಪಾಠ. ಕಾಫಿ ಬೆಲೆ ಏರಿದ ವರ್ಷ ಸಾಲ ಮಾಡಿ ಪಕ್ಕದ ತೋಟ ಕೊಳ್ಳಲು ಹೊರಡುವವರು ಈ ಎರಡನ್ನೂ ನೆನೆಯುವುದು ಒಳ್ಳೆಯದು.

4. ಅಪ್ಪಣೆ ಕೊಡುವ ಕ್ರಮ

ಸೇನೆಯಲ್ಲಿ ಅಪ್ಪಣೆ ಎಂದರೆ ಕೂಗಲ್ಲ, ಅದಕ್ಕೊಂದು ಚೌಕಟ್ಟಿದೆ. ಬ್ರಿಟಿಷರ ಕಾಲದ ಪದ್ಧತಿಯಲ್ಲಿ ಕಾರ್ಯಾಚರಣೆಯ ಆದೇಶಕ್ಕೆ ಐದು ಭಾಗಗಳಿದ್ದವು: ಮಾಹಿತಿ, ಉದ್ದೇಶ, ವಿಧಾನ, ಸಾಮಗ್ರಿಯ ವ್ಯವಸ್ಥೆ, ಪರಸ್ಪರ ಸಂಪರ್ಕ. ಹೆಸರುಗಳು ಈಗ ಸ್ವಲ್ಪ ಬದಲಾಗಿದ್ದರೂ ತಿರುಳು ಅದೇ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸಕ್ಕೆ ಇದನ್ನು ಹಚ್ಚಿ ನೋಡೋಣ.

ಮಾಹಿತಿ: ಮುಂಗಾರು ಹತ್ತಿರದಲ್ಲಿದೆ. ಹೋದ ವರ್ಷ ಕೊಳೆ ಮೊದಲು ಕಂಡದ್ದು ಹಳ್ಳದ ಬದಿಯ ಸಾಲುಗಳಲ್ಲಿ.

ಉದ್ದೇಶ: ಮಳೆ ಹಿಡಿಯುವ ಮೊದಲು ತೋಟದ ಪ್ರತಿಯೊಂದು ಗೊನೆಯೂ ಪೂರ್ತಿ ತೊಯ್ಯಬೇಕು.

ವಿಧಾನ: ಹಳ್ಳದ ಬದಿಯಿಂದ ಆರಂಭ. ಎಷ್ಟು ಜನ, ಯಾವ ಸಾಲು ಯಾರದು ಎಂಬ ಹಂಚಿಕೆ. ನಲವತ್ತು-ನಲವತ್ತೈದು ದಿನಗಳ ನಂತರ ಎರಡನೆಯ ಸಿಂಪಡಣೆ.

ಸಾಮಗ್ರಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಒಳ್ಳೆಯ ಸುಣ್ಣ. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಬಂದರೆ ಸುಣ್ಣ ಸಾಲದು. ಪಂಪು, ಪೈಪು, ಅಂಟು, ಇಂಧನ ಇವೆಲ್ಲ ಇವೆಯೇ ಎಂದು ಒಂದು ವಾರ ಮೊದಲೇ ನೋಡಬೇಕು. ಕೆಲಸದವರ ಊಟವೂ ಈ ಪಟ್ಟಿಯಲ್ಲಿ ಸೇರಬೇಕು.

ಸಂಪರ್ಕ: ಮಳೆ ಬಂದರೆ ನಿಲ್ಲಿಸುವ ತೀರ್ಮಾನ ಯಾರದು? ಯಜಮಾನ ಪೇಟೆಗೆ ಹೋಗಿದ್ದರೆ ಯಾರನ್ನು ಕೇಳಬೇಕು?

ಹೆಚ್ಚಿನ ತೋಟಗಳಲ್ಲಿ ಕೊಡುವ ಅಪ್ಪಣೆ ‘ನಾಳೆಯಿಂದ ಮದ್ದು ಹೊಡೀರಿ’ ಎಂಬ ಒಂದೇ ಮಾತು. ಉಳಿದದ್ದೆಲ್ಲ ಕೆಲಸದವನ ಊಹೆಗೆ ಬಿಟ್ಟದ್ದು. ಊಹೆ ತಪ್ಪಿದಾಗ ಬೈಗುಳ ಅವನಿಗೆ, ಉದುರಿದ ಕಾಯಿ ನಮಗೆ. ಕಾಫಿ ಸೀಮೆಯಲ್ಲಿ ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬಂದವರೂ ಕೆಲಸ ಮಾಡುತ್ತಾರೆ. ತಲೆಮಾರುಗಳಿಂದ ತೋಟದಲ್ಲೇ ಇದ್ದ ಆಳಿಗೆ ಅರ್ಧ ಮಾತಿನಲ್ಲಿ ತಿಳಿಯುತ್ತಿದ್ದದ್ದು ಇವರಿಗೆ ತಿಳಿಯದು. ಸ್ಪಷ್ಟ ಅಪ್ಪಣೆಯ ಅಗತ್ಯ ಹಿಂದೆಂದಿಗಿಂತ ಇಂದು ಹೆಚ್ಚು.

ಐದರಲ್ಲಿ ಮುಖ್ಯವಾದದ್ದು ಉದ್ದೇಶ. 1857ರಿಂದ 1888ರವರೆಗೆ ಪ್ರಷ್ಯಾದ ಸೇನೆಯ ಮುಖ್ಯಸ್ಥನಾಗಿದ್ದ ಮೋಲ್ಟ್ಕೆ, ಶತ್ರು ಎದುರಾದ ಮೇಲೆ ಯಾವ ಯೋಜನೆಯೂ ಬರೆದಂತೆ ನಡೆಯದು ಎಂದು ಬಲ್ಲವನಾಗಿದ್ದ. ಆದ್ದರಿಂದ ಕೆಳಗಿನ ಅಧಿಕಾರಿಗೆ ಏನು ಸಾಧಿಸಬೇಕೆಂದು ಹೇಳಿ, ಹೇಗೆ ಎಂಬುದನ್ನು ಅವನ ವಿವೇಚನೆಗೆ ಬಿಡುವ ಪದ್ಧತಿಯನ್ನು ಬೆಳೆಸಿದ. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬುದು ನಮ್ಮಲ್ಲಿ ಬೇರೂರಿದ ಗಾದೆ. ಎರಡು ಎಕರೆಗೆ ಆ ಗಾದೆ ಸರಿ. ಇಪ್ಪತ್ತು ಎಕರೆಗೆ, ಅಥವಾ ಸಾವಿರ ಸದಸ್ಯರ ಸಂಘಕ್ಕೆ, ಅದು ಸಾಕಾಗದು. ಆಳು ಮಾಡಿದ್ದು ಹಾಳಾಗಿದ್ದರೆ ಅವನಿಗೆ ಉದ್ದೇಶವನ್ನು ಯಾರಾದರೂ ಹೇಳಿದ್ದರೇ ಎಂದು ಮೊದಲು ಕೇಳಬೇಕು.

5. ಕೊನೆಯ ಪಂಕ್ತಿಯಲ್ಲಿ ಕೂರುವವನು

ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯ ಉದ್ಘಾಟನೆ 1932ರ ಡಿಸೆಂಬರ್ 10ರಂದು ನಡೆಯಿತು. ಅಂದಿನ ಪ್ರಧಾನ ಸೇನಾಪತಿ ಸರ್ ಫಿಲಿಪ್ ಚೆಟ್‌ವುಡ್ ತರುಣ ಅಧಿಕಾರಿಗಳಿಗೆ ಹೇಳಿದ ಬುದ್ಧಿಮಾತಿನ ಸಾರಾಂಶ ಇಷ್ಟು: ಮೊದಲು ದೇಶದ ಹಿತ, ನಂತರ ಕೈಕೆಳಗಿನವರ ಹಿತ, ಎಲ್ಲಕ್ಕಿಂತ ಕೊನೆಗೆ ತನ್ನ ಸುಖ. ಅಕಾಡೆಮಿಯಿಂದ ಹೊರಬರುವ ಪ್ರತಿ ಅಧಿಕಾರಿಯೂ ಇಂದಿಗೂ ಇದನ್ನು ಕಲಿತೇ ಬರುತ್ತಾನೆ. ಸೈನಿಕರು ಉಂಡರೇ ಎಂದು ನೋಡದೆ ಅಧಿಕಾರಿ ಉಣ್ಣುವಂತಿಲ್ಲ ಎಂಬ ಸಂಪ್ರದಾಯದ ಬೇರು ಇಲ್ಲಿದೆ.

ಪನಾಮಾದ ಗೋಥಲ್ಸ್ ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಕಚೇರಿಯ ಬಾಗಿಲು ತೆರೆದು ಕೂರುತ್ತಿದ್ದರು. ಯಾವ ಕೆಲಸಗಾರನಾದರೂ ನೇರವಾಗಿ ಬಂದು ದೂರು ಹೇಳಬಹುದಾಗಿತ್ತು. ಸಂಬಳದ ತಕರಾರು, ಮೇಸ್ತ್ರಿಯ ಮೇಲಿನ ದೂರು, ಸಂಸಾರದ ಜಗಳವೂ ಅಲ್ಲಿಗೆ ಬರುತ್ತಿತ್ತು. ಕಟ್ಟುನಿಟ್ಟಿನ ಆಡಳಿತಗಾರನೆಂದು ಹೆಸರಾದವನು ವಾರದ ಬಿಡುವಿನ ದಿನವನ್ನು ಇದಕ್ಕೆ ಕೊಟ್ಟದ್ದು ಗಮನಾರ್ಹ. ತನ್ನ ಮಾತು ಕೇಳಿಸಿಕೊಳ್ಳುವವನ ಮಾತನ್ನು ಜನ ಕೇಳುತ್ತಾರೆ.

ತೋಟದಲ್ಲಿ ಇದರ ಅರ್ಥ ಬಲು ಸರಳ. ಲೈನ್‌ಮನೆಯ ಸೂರು ಸೋರುತ್ತಿರುವಾಗ ಬಂಗಲೆಗೆ ಬಣ್ಣ ಹೊಡೆಸಬಾರದು. ಕುಯ್ಲಿನ ಸಂಜೆ ತೂಕದ ಬಳಿ ಯಜಮಾನ ನಿಂತಿರಬೇಕು, ತೂಕ ಎಲ್ಲರಿಗೂ ಕಾಣುವಂತಿರಬೇಕು. ಸಂಘದಲ್ಲಿ ಇದರ ಅರ್ಥ ಇನ್ನೂ ಕಠಿಣ. ಗೊಬ್ಬರದ ಅಭಾವವಿದ್ದಾಗ ಮೊದಲ ಲೋಡು ನಿರ್ದೇಶಕರ ಮನೆಗಳಿಗೆ ಹೋದರೆ ಆ ಸಂಘದ ಶಿಸ್ತಿನ ಬಗ್ಗೆ ಯಾರೂ ಭಾಷಣ ಮಾಡುವ ಅಗತ್ಯವಿಲ್ಲ. ಸದಸ್ಯರು ತಮ್ಮ ಮಾಲನ್ನು ಖಾಸಗಿ ಮಂಡಿಗೆ ಒಯ್ದು ಉತ್ತರ ಕೊಡುತ್ತಾರೆ.

6. ಕೆಲಸ ಮುಗಿದ ಮೇಲಿನ ವಿಚಾರಣೆ

1970ರ ದಶಕದಿಂದೀಚೆಗೆ ಅಮೆರಿಕದ ಸೇನೆ ತನ್ನ ತರಬೇತಿಯಲ್ಲಿ ಒಂದು ಪದ್ಧತಿಯನ್ನು ಬೆಳೆಸಿತು. ಅಣಕು ಯುದ್ಧ ಮುಗಿದೊಡನೆ ಎಲ್ಲ ದರ್ಜೆಯವರೂ ಒಟ್ಟಿಗೆ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಏನಾಗಬೇಕೆಂದಿದ್ದೆವು? ಏನಾಯಿತು? ವ್ಯತ್ಯಾಸಕ್ಕೆ ಕಾರಣವೇನು? ಮುಂದಿನ ಬಾರಿ ಏನು ಮಾಡಬೇಕು? ಅಲ್ಲಿ ದರ್ಜೆಯ ಮುಲಾಜಿಲ್ಲ. ಯಾರ ತಪ್ಪು ಎಂಬುದಕ್ಕಿಂತ ಏನು ತಪ್ಪಿತು ಎಂಬುದಕ್ಕೆ ಹೆಚ್ಚು ಬೆಲೆ. ಅನೇಕ ಉದ್ಯಮಗಳು ಈ ಕ್ರಮವನ್ನು ನಂತರ ತಮ್ಮದಾಗಿಸಿಕೊಂಡವು.

ನಮ್ಮಲ್ಲಿ ವಿಚಾರಣೆ ನಡೆಯುವುದು ನಷ್ಟವಾದಾಗ ಮಾತ್ರ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಕುಯ್ಲು ಮುಗಿದ ವಾರವೇ ರೈಟರು, ಮೇಸ್ತ್ರಿ, ಕಣದ ಕೆಲಸದವರು ಒಂದು ಗಂಟೆ ಕೂತು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಖರ್ಚು ಒಂದು ಕಾಫಿಯದು ಮಾತ್ರ. ಯಾವ ಬ್ಲಾಕಿನಲ್ಲಿ ಹಣ್ಣು ನೆಲಕ್ಕೆ ಉದುರಿತು, ಕಣದಲ್ಲಿ ಎಷ್ಟು ದಿನ ಜಾಗ ಸಾಲಲಿಲ್ಲ, ಕಾಂಡಕೊರಕ ತಗಲಿದ ಗಿಡಗಳು ಎಲ್ಲೆಲ್ಲಿ ಕಂಡವು, ಇವೆಲ್ಲ ಯಜಮಾನನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೇಳುವವರಿಲ್ಲದ ಕಾರಣ ಹೇಳುವವರಿಲ್ಲ.

7. ಸೇನೆಯಿಂದ ತರಬಾರದ್ದು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸೈನಿಕ ಅಪ್ಪಣೆ ಮೀರುವಂತಿಲ್ಲ, ಅವನ ಬೆನ್ನ ಹಿಂದೆ ಸೇನಾ ಕಾನೂನು ಇದೆ. ಕೆಲಸಗಾರ ಮನಸ್ಸಿಲ್ಲದಿದ್ದರೆ ನಾಳೆಯೇ ಬೇರೆ ತೋಟಕ್ಕೆ ಹೋಗುತ್ತಾನೆ. ಸಹಕಾರ ಸಂಘದಲ್ಲಂತೂ ಸದಸ್ಯನೇ ಒಡೆಯ. ಒಬ್ಬನಿಗೆ ಒಂದು ಮತ ಎಂಬ ತತ್ತ್ವದ ಮೇಲೆ ನಿಂತ ಸಂಸ್ಥೆಯಲ್ಲಿ ಅಧ್ಯಕ್ಷನು ಸೇನಾಪತಿಯಲ್ಲ. ಯುದ್ಧದಲ್ಲಿ ಗುಟ್ಟು ಗುಣ, ಸಂಘದ ಲೆಕ್ಕದಲ್ಲಿ ಗುಟ್ಟು ರೋಗ. ಯುದ್ಧದಲ್ಲಿ ಗೆಲ್ಲಲು ಖರ್ಚು ನೋಡುವುದಿಲ್ಲ, ವ್ಯಾಪಾರದಲ್ಲಿ ಖರ್ಚು ನೋಡದೆ ಪಡೆದ ಗೆಲುವು ಸೋಲೇ.

ದರ್ಜೆಯ ಭೇದದ ಬಗ್ಗೆಯೂ ಎಚ್ಚರ ಬೇಕು. ನಾವು ಮೆಚ್ಚಿದ ಪನಾಮಾದಲ್ಲೇ ಸಂಬಳದ ಪಟ್ಟಿಗಳು ಎರಡಿದ್ದವು. ಬಿಳಿಯ ಅಮೆರಿಕನ್ನರಿಗೆ ಚಿನ್ನದ ಪಟ್ಟಿ, ವೆಸ್ಟ್ ಇಂಡೀಸ್‌ನಿಂದ ಬಂದ ಕರಿಯ ಕೆಲಸಗಾರರಿಗೆ ಬೆಳ್ಳಿಯ ಪಟ್ಟಿ. ವಸತಿ, ಊಟ, ಸಂಬಳ ಎಲ್ಲದರಲ್ಲೂ ಭೇದ. ಅತ್ಯಂತ ಅಪಾಯದ ಕೆಲಸವೂ ಹೆಚ್ಚಿನ ಸಾವೂ ಬೆಳ್ಳಿ ಪಟ್ಟಿಯವರ ಪಾಲಿಗೆ ಬಂದವು. ಶಿಸ್ತು ಅಚ್ಚುಕಟ್ಟಾಗಿರುವ ಕಡೆಯಲ್ಲೂ ಅನ್ಯಾಯ ಅಚ್ಚುಕಟ್ಟಾಗಿ ನಡೆಯಬಲ್ಲದು ಎಂಬುದನ್ನು ಮರೆಯಬಾರದು.

ಕೊನೆಯದಾಗಿ

ಸೇನೆಯಿಂದ ಉದ್ಯಮ ಕಲಿಯಬೇಕಾದವು ನಾಲ್ಕು: ಎಣಿಸಿ ಇಡುವುದು, ಉದ್ದೇಶ ತಿಳಿಸಿ ಅಪ್ಪಣೆ ಕೊಡುವುದು, ತಾನು ಕೊನೆಗೆ ಉಣ್ಣುವುದು, ಕೆಲಸ ಮುಗಿದ ಮೇಲೆ ಕೂತು ವಿಚಾರಿಸುವುದು. ನಾಲ್ಕೂ ನಾಯಕನಿಂದ ಆರಂಭವಾಗಬೇಕಾದವು. ಇವುಗಳಲ್ಲಿ ಯಾವುದಕ್ಕೂ ಸಮವಸ್ತ್ರ ಬೇಕಿಲ್ಲ, ಹೊಸ ಬಂಡವಾಳ ಬೇಕಿಲ್ಲ.

ಸದಸ್ಯ ಬಾಂಧವರು ಈ ಹಂಗಾಮಿನಲ್ಲಿ ಒಂದನ್ನಾದರೂ ಪ್ರಯೋಗಿಸಿ ನೋಡಬೇಕೆಂದು ಕೋರಿಕೆ. ಮುಂದೆ ಮಾಡಬೇಕಾದ ಒಂದು ಕೆಲಸವನ್ನು ಆರಿಸಿಕೊಂಡು, ಮೇಲೆ ಹೇಳಿದ ಐದು ತಲೆಬರಹಗಳನ್ನು ಒಂದು ಹಾಳೆಯಲ್ಲಿ ಬರೆದು, ಮೇಸ್ತ್ರಿಗೆ ಓದಿ ಹೇಳಿ. ಬರೆಯುವಾಗ ಯಾವ ತಲೆಬರಹದ ಕೆಳಗೆ ಪೆನ್ನು ನಿಲ್ಲುತ್ತದೋ, ಆ ಕೆಲಸ ಕೆಡುವುದಿದ್ದರೆ ಅಲ್ಲಿಯೇ ಕೆಡುತ್ತದೆ. ಅದು ಹಾಳೆಯ ಮೇಲೆ ಮೊದಲೇ ತಿಳಿದರೆ ತೋಟದಲ್ಲಿ ತಡವಾಗಿ ತಿಳಿಯುವ ನಷ್ಟ ತಪ್ಪುತ್ತದೆ.